ಕೊಪ್ಪರಿಗೆಗೆ ಇಳಿದ ಕಾಲು

ಸುಗ್ರಾ ಬೀ ವಲೀಸಾಬರನ್ನು ಮೊದಲು ಕಂಡದ್ದು ನಿಕಾಹದ ದಿನ. ಮುಖ ಕಾಣಲಿಲ್ಲ, ಪಾದ ಕಂಡವು. ಮುಸುಕು ಹಾಕಿಕೊಂಡು ತಲೆ ತಗ್ಗಿಸಿ ಕೂತವಳಿಗೆ ಅಷ್ಟೇ ಕಾಣುವುದು. ಎಷ್ಟು ತಿಕ್ಕಿದರೂ ಹೋಗದ ಕಪ್ಪು ಹಿಮ್ಮಡಿಯ ಬಿರುಕುಗಳಲ್ಲಿ ಉಳಿದಿತ್ತು. ಶಿಕಾರಿಪುರದ ಕಲಾಯಿಯವರ ಮನೆಗೆ ತನ್ನನ್ನು ಕೊಟ್ಟಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಆ ಕೆಲಸದಲ್ಲಿ ಕೈಯಷ್ಟೇ ಕಾಲಿಗೂ ದುಡಿಮೆ ಇದೆ ಎಂದು ಗೊತ್ತಾದದ್ದು ಆಮೇಲೆ. ತಾಮ್ರದ ಪಾತ್ರೆಗೆ ಕಲಾಯಿಯ ತವರ ಹಿಡಿಯಬೇಕಾದರೆ ಒಳಗಿನ ಕಿಲುಬೆಲ್ಲ ಮೊದಲು ಹೋಗಬೇಕು. ವಲೀಸಾಬರು ಪಾತ್ರೆಗೆ ಹಸಿ ಮರಳು ಸುರಿದು, ಬರಿಗಾಲಲ್ಲಿ ಒಳಗಿಳಿದು, ಗೋಡೆ ಹಿಡಿದುಕೊಂಡು ಸೊಂಟ ತಿರುಗಿಸುತ್ತ ತುಳಿಯುತ್ತಿದ್ದರು.

ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ, ಐವತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ, ಅವರ ಬಲಗಾಲು ಮುರಿಯಿತು. ಬೇಸಿಗೆ ಬಂದರೆ ಗಾಡಿ ಮಾಡಿಕೊಂಡು ಸೊರಬದ ಕಡೆಯ ಊರುಗಳಿಗೆ ಕಲಾಯಿ ಹಾಕಲು ಹೋಗುವುದು ಅವರ ರೂಢಿ. ಆ ವರ್ಷ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಜನಕ್ಕೂ ಜ್ವರ ಹತ್ತುತ್ತಿದೆ ಎಂಬ ಹೆದರಿಕೆಗೆ ಗಾಡಿಯವನು ಗೊತ್ತಿಲ್ಲದ ದಾರಿ ಹಿಡಿದ. ಇಳಿಜಾರಿನಲ್ಲಿ ಗಾಡಿ ಮಗುಚಿ ಚಕ್ರ ತೊಡೆಯ ಮೇಲೆ ಬಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳು ಕಾಲಿಗೆ ತೂಕ ಕಟ್ಟಿ ಮಲಗಿಸಿದರು. ಆಮೇಲೆ ಎರಡು ತಿಂಗಳು ಸೊಂಟದಿಂದ ಪಾದದ ತನಕ ಪ್ಲಾಸ್ಟರು. ಬಿಚ್ಚಿದಾಗ ಮಂಡಿ ಕೊರಡಿನ ಹಾಗೆ ಸೆಟೆದಿತ್ತು.

"ಎಲುಬು ಕೂಡ್ತಾ ಇದೆ. ಮಂಡಿ ಮಾತ್ರ ನೀವೇ ಬಗ್ಗಿಸಬೇಕಮ್ಮ, ದಿನಾ ಮೂರು ಹೊತ್ತು," ಎಂದರು ಡಾಕ್ಟರು. "ನಾನು ಹೇಳೋ ತನಕ ಆ ಕಾಲಿನ ಮೇಲೆ ಭಾರ ಬೀಳಬಾರದು."

ಮನೆಗೆ ಬಂದ ಮೇಲೆ ಸುಗ್ರಾ ಬೀ ಗಂಡನನ್ನು ಮಂಚದ ಅಂಚಿಗೆ ಕೂರಿಸಿ, ಮಂಡಿಗೆ ಬಿಸಿನೀರಿನ ಬಟ್ಟೆ ಸುತ್ತಿ, ಹಿಮ್ಮಡಿಯನ್ನು ನೆಲದ ಮೇಲೆ ಜಾರಿಸುತ್ತ ಹಿಂದಕ್ಕೆ ಒತ್ತುತ್ತಿದ್ದಳು. ಅದು ಎಲ್ಲಿಯ ತನಕ ಬಂತೋ ಅಲ್ಲಿ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದಳು. ಮೊದಲ ವಾರ ಗೆರೆ ನಾಲ್ಕು ಬೆರಳು ಸರಿಯಿತು. ಎರಡನೆಯ ವಾರ ಎರಡು ಬೆರಳು. ಆಮೇಲೆ ಹನ್ನೊಂದು ದಿನ ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ.

ಇತ್ತ ಮನೆಯಲ್ಲಿ ಪಾತ್ರೆಗಳು ಕಲಾಯಿಗೆ ಕಾದು ಕೂತಿದ್ದವು. ಕಾಲು ಚಾಚಿ ಕೂತು ತವರ ಹಚ್ಚುವುದು ಅವರಿಂದ ಆಗುತ್ತಿತ್ತು, ತುಳಿಯುವುದು ಆಗುತ್ತಿರಲಿಲ್ಲ. ಸುಗ್ರಾ ಬೀ ಬಾಗಿಲು ಹಾಕಿಕೊಂಡು ತಾನೇ ಪಾತ್ರೆಗೆ ಇಳಿದಳು.

"ಎಡಗಡೆ ಇನ್ನೂ ಜಿಡ್ಡಿದೆ. ಮರಳು ಜಾರ್ತಾ ಇದೆ ನೋಡು," ಎಂದರು ಅವರು ಮಂಚದಿಂದ.

"ಕಾಣದೇನೇ ಹೇಳ್ತೀರಲ್ರೀ."

"ಕಿವಿಗೇನೂ ಪ್ಲಾಸ್ಟರ್ ಹಾಕಿರಲಿಲ್ಲ."

ಈಸೂರಿನ ಯಮುನಮ್ಮ ಹಳೆಯ ಗಿರಾಕಿ. ಮದುವೆ ಅಡುಗೆಗೆಂದು ಅಗಲ ಬಾಯಿಯ ಕೊಪ್ಪರಿಗೆಯನ್ನು ಇಳಿಸಿ, ಸಿದ್ಧವಾಗಿದ್ದ ತಪ್ಪಲೆಗಳನ್ನು ತಿರುಗಿಸಿ ನೋಡಿದಳು. "ಸಾಬ್ರು ಮಲಗಿದ್ರೂ ತಪ್ಪಲೆ ಫಳಫಳ ಅಂತಾವಲ್ಲ. ಏನ್ರೀ, ಮಂಚದ ಮ್ಯಾಲಿಂದ್ಲೇ ತುಳೀತೀರೇನು?"

"ಕೆಲ್ಸ ಚೆನ್ನಾಗಿದ್ರೆ ಸಾಕಲ್ಲಮ್ಮ," ಎಂದರು ವಲೀಸಾಬರು. ಸುಗ್ರಾ ಬೀ ಸೀರೆಯ ಅಂಚಿನೊಳಗೆ ಪಾದ ಎಳೆದುಕೊಂಡಳು. ಉಣ್ಣುವ ಪಾತ್ರೆಗೆ ಹೆಂಗಸು ಕಾಲಿಟ್ಟಳೆಂದು ತಿಳಿದರೆ ಯಾರು ಏನೆನ್ನುವರೋ.

ಯಮುನಮ್ಮ ಹೋದ ಮೇಲೆ ಆ ಕೊಪ್ಪರಿಗೆ ನೋಡುತ್ತ ಸುಗ್ರಾ ಬೀಗೆ ಒಂದು ಯೋಚನೆ ಬಂತು. ತಾನು ಒತ್ತಿದರೆ ಬಗ್ಗದ ಕಾಲು ಅದಕ್ಕೇ ಗೊತ್ತಿರುವ ಕೆಲಸಕ್ಕೆ ಬಗ್ಗೀತು.

"ಇದ್ರಲ್ಲಿ ಒಂದ್ಸಲ ನಿಂತು ನೋಡ್ತೀರಾ? ಸುತ್ತ ಅಂಚಿದೆ, ಬೀಳಲ್ಲ."

"ಡಾಕ್ಟರು ಬೇಡ ಅಂದಿದ್ರಲ್ಲ?"

"ಭಾರ ಎಲ್ಲಾ ಎಡಗಾಲಿಗೇ ಬಿಡಿ."

ಕೊಪ್ಪರಿಗೆಯನ್ನು ಮಂಚಕ್ಕೆ ತಾಗಿಸಿ ಮರಳು ಹಾಕಿದಳು. ಅವರು ಅವಳ ಹೆಗಲು ಹಿಡಿದು ಒಳಗಿಳಿದು ನಿಂತರು. ಎಷ್ಟೋ ತಿಂಗಳಿಂದ ಕಾಣದ ಕಳೆ ಮುಖಕ್ಕೆ ಬಂತು. ಹೇಳುವವರಿಲ್ಲದೆಯೇ ಸೊಂಟ ತಿರುಗಿತು, ಮರಳು ಸದ್ದು ಮಾಡಿತು. ಮೂರನೆಯ ಸಲಕ್ಕೆ ನೋವಿಗೆ ಅವರ ಉಗುರು ಅವಳ ಹೆಗಲಿಗೆ ನಾಟಿತು. ಅವಳು ತಬ್ಬಿ ಹಿಡಿದು ಮಂಚಕ್ಕೆ ಕೂರಿಸಿದಳು.

ಸಂಜೆಯ ಹೊತ್ತಿಗೆ ತೊಡೆ ಊದಿಕೊಂಡಿತು. ಮೂರು ದಿನ ಅವಳು ಗಳಿಗೆಗೊಮ್ಮೆ ಅಂಗೈ ಇಟ್ಟು ಬಿಸಿ ನೋಡಿದಳು. ಹಿಮ್ಮಡಿ ಹಳೆಯ ಗೆರೆಯನ್ನೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಶಿವಮೊಗ್ಗದ ಬಸ್ಸು ಹತ್ತಿಸಿದಳು.

"ಬಚ್ಚಲಲ್ಲಿ ಜಾರಿದೆ ಅಂತೀನಿ. ನೀನು ಸುಮ್ನಿರು," ಎಂದರು ವಲೀಸಾಬರು. ಡಾಕ್ಟರು ಕೇಳಿದಾಗ ಹಾಗೇ ಹೇಳಿದರು. ಡಾಕ್ಟರು ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು.

"ಬಚ್ಚಲಲ್ಲಲ್ಲ ಸ್ವಾಮಿ," ಎಂದಳು ಸುಗ್ರಾ ಬೀ. "ಕೊಪ್ಪರಿಗೇಲಿ ನಿಲ್ಸಿದ್ದು ನಾನು."

ಡಾಕ್ಟರಿಗೆ ಅರ್ಥವಾಗಲಿಲ್ಲ. ಅವಳು ಬುರ್ಖಾದಲ್ಲೇ, ಅವರ ಮೇಜು ಹಿಡಿದು, ಬರಿನೆಲದ ಮೇಲೆ ತಿರುಗಿ ತುಳಿದು ತೋರಿಸಿದಳು. ನರ್ಸಮ್ಮ ಬಾಯಿಗೆ ಕೈ ಇಟ್ಟುಕೊಂಡಳು. ಡಾಕ್ಟರು ನಗಲಿಲ್ಲ. ಕಾಲಿನ ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎಲುಬು ಬಿಟ್ಟುಕೊಂಡಿಲ್ಲ. ಆದರೆ ಹೊಸದಾಗಿ ಕೂಡಿದ ಜಾಗ ಜಗ್ಗಿದೆ, ತಿರುಚಿದ್ದಕ್ಕೆ. ಬರೀ ಜಾರಿದ್ದು ಅಂದಿದ್ರೆ ಎಕ್ಸ್‌ರೇ ತೆಗೆಸದೇ ಇವತ್ತೇ ಕೋಲು ಕೊಟ್ಟು ನಡೆಸ್ತಿದ್ದೆ. ಇನ್ನು ನಲವತ್ತು ದಿನ ಮಂಚ ಬಿಟ್ಟು ಇಳಿಸಬೇಡಿ."

ನಲವತ್ತು ದಿನ ಕಳೆದ ಮೇಲೆ ಮತ್ತೆ ಬಿಸಿ ಬಟ್ಟೆ, ಮತ್ತೆ ಇದ್ದಿಲು. ಈ ಸಲ ದಿನಕ್ಕೆ ಎಷ್ಟು ಹೇಳಿದ್ದರೋ ಅಷ್ಟೇ ಒತ್ತಿದಳು, ಒಂದು ಸಲವೂ ಹೆಚ್ಚಿಲ್ಲ. ಮರುವರ್ಷ ಸಂಕ್ರಾಂತಿಯ ಹೊತ್ತಿಗೆ ಮಂಡಿ ಅರ್ಧ ಬಗ್ಗಿ ಅಲ್ಲಿಗೇ ನಿಂತಿತು.

"ಕೋಲು ಹಿಡಿದು ನಡೀತಾರೆ, ಗಾಡೀನೂ ಹತ್ತಬಹುದು," ಎಂದರು ಡಾಕ್ಟರು. "ಪಾತ್ರೆಗೆ ಮಾತ್ರ ಇಳಿಯೋದು ಬೇಡ. ಯಾವತ್ತೂ."

ಹಿಂದಿರುಗುವ ಬಸ್ಸಿನಲ್ಲಿ ವಲೀಸಾಬರು ಕಾಲು ಚಾಚಿ, ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ನಿನ್ನಿಂದಲೇ ಹೀಗಾಯಿತು ಎಂಬ ಮಾತು ಅವರ ಬಾಯಿಂದ ಯಾವತ್ತು ಬೀಳುತ್ತದೋ ಎಂದು ಅವಳು ಅಷ್ಟು ತಿಂಗಳಿಂದ ಕಾದಿದ್ದಳು. ಈಗ ಬರುತ್ತದೆ ಎಂದುಕೊಂಡು ಕಿಟಕಿಯ ಸರಳು ಹಿಡಿದು ಕೂತಳು. ಅಂಜನಾಪುರಕ್ಕೆ ಹೋಗುವವರು ಗಂಟುಮೂಟೆ ಸಮೇತ ಇಳಿದು, ಬಸ್ಸು ಖಾಲಿಯಾಯಿತು. ಆಗ ಅವರು ಅವಳ ಕಡೆ ತಿರುಗಿದರು. ಆ ಕಾಲಿನ ವಿಷಯ ಅವರು ಆಮೇಲೆ ಎಂದೂ ಎತ್ತಲಿಲ್ಲ; ಆಗ ಕೇಳಿದ್ದು ಇದೊಂದನ್ನೇ:

"ಬೇಸಿಗೆಗೆ ಸೊರಬದ ಕಡೆ ಹೋಗ್ಬೇಕಲ್ಲ, ಸುಗ್ರಾ. ಮನೇಲಾದ್ರೆ ಬಾಗಿಲು ಹಾಕ್ಕೊಂಡು ತುಳಿದೆ. ಅಲ್ಲಿ ಬಯಲಲ್ಲಿ, ಊರವರೆಲ್ಲ ನೋಡ್ತಾ ನಿಂತಿರ್ತಾರೆ. ಪಾತ್ರೆಗೆ ಇಳೀತೀಯಾ?"