ಓರಗಿತ್ತಿಯ ಮಡಿಲಿಗೆ ಒಂದು ಹಿಡಿ ಕುಚ್ಚಲಕ್ಕಿ

ನನಗೆ ಹೊಟ್ಟೆಕಿಚ್ಚು ಇದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ನನಗೂ ಸುಲಭ, ಓದುವವರಿಗೂ ಸುಲಭ. ಯಾರ ಮೇಲೆ ಅಂದರೆ ನನ್ನ ಓರಗಿತ್ತಿಯ ಮೇಲೆ, ಗಂಡನ ತಮ್ಮನ ಹೆಂಡತಿಯ ಮೇಲೆ. ಅವಳು ಧಾರವಾಡದ ಕಡೆಯವಳು, ನಾನು ಉಡುಪಿಯ ಕಡೆಯವಳು. ಇಬ್ಬರೂ ಮದುವೆಯಾಗಿ ಬಂದು ಸೇರಿದ್ದು ಕೋಲ್ಕತ್ತಾದ ಒಂದೇ ಅಡುಗೆಮನೆಗೆ.

ಬಾಲಿಗಂಜ್ ಸ್ಟೇಷನ್ ಹತ್ತಿರ ನಮ್ಮ ಮಾವ ಶುರುಮಾಡಿದ ಸಣ್ಣ ಹೋಟೆಲ್ ಒಂದಿದೆ. ಮನೆ ಲೇಕ್ ಗಾರ್ಡನ್ಸ್‌ನಲ್ಲಿ. ಮನೆಯ ಕೆಳಗಿನ ಕೋಣೆಯಲ್ಲಿ ಹೋಟೆಲಿಗೆ ಬೇಕಾದ ದೋಸೆ ಹಿಟ್ಟು, ಇಡ್ಲಿ ಹಿಟ್ಟು ರುಬ್ಬುತ್ತೇವೆ. ರುಬ್ಬುತ್ತೇವೆ ಅಂದರೆ ನಾನು ರುಬ್ಬುತ್ತೇನೆ. ಮದುವೆಯಾಗಿ ಬಂದ ವಾರವೇ ಅತ್ತೆ ಆ ಕೋಣೆಯ ಬೀಗದ ಕೈ ನನ್ನ ಕೈಗೆ ಕೊಟ್ಟರು. ಅದನ್ನು ಗೌರವ ಎಂದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹೋಟೆಲಿನ ಬೋರ್ಡಿನ ಮೇಲೆ ಮಾವನ ಹೆಸರಿದೆ, ಲೈಸೆನ್ಸ್ ಗಂಡನ ಹೆಸರಿನಲ್ಲಿದೆ. ದೋಸೆ ಚೆನ್ನಾಗಿದೆ ಎಂದು ಗಿರಾಕಿಗಳು ಹೊಗಳುವುದು ಕಾವಲಿಯ ಮುಂದೆ ನಿಂತ ಭಟ್ಟರನ್ನು. ಹಿಟ್ಟಿಗೊಂದು ಹೆಸರು ಬೇಕು ಎಂದು ಯಾರಿಗೂ ಹೊಳೆದದ್ದಿಲ್ಲ.

ಓರಗಿತ್ತಿ ಬಂದಾಗ ಅವಳಿಗೆ ನಮ್ಮ ಕೆಂಪು ಕುಚ್ಚಲಕ್ಕಿಯ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಊರಿಂದ ತರಿಸಿಕೊಳ್ಳುವ, ಒಮ್ಮೆ ಬೇಯಿಸಿ ಒಣಗಿಸಿದ ಆ ದಪ್ಪ ಅಕ್ಕಿ ನಮಗೆ ಪ್ರಾಣ. ಅವಳು ಅದನ್ನು ತಟ್ಟೆಯಲ್ಲಿ ಅತ್ತಿಂದಿತ್ತ ಸರಿಸುತ್ತಾ ಕೂರುವುದನ್ನು ನೋಡಲಾರದೆ ನಾನೇ ಬೇರೆ ಪಾತ್ರೆಯಲ್ಲಿ ಬಿಳಿ ಅನ್ನ ಮಾಡಿಹಾಕಿದೆ, ತಿಂಗಳುಗಟ್ಟಲೆ. ಅವಳಿಗೆ ಚಟ್ನಿ ರುಬ್ಬಲು ಬಾರದು, ಸಾಂಬಾರಿಗೆ ಹುಳಿ ಎಷ್ಟು ಎಂದು ತಿಳಿಯದು. ಆದರೆ ನಗಲು ಬರುತ್ತಿತ್ತು. ಅತ್ತೆಗೆ ಅವಳೆಂದರೆ ಮುದ್ದು. ಪಾಡಾದ, ಅಂದರೆ ನಮ್ಮ ಕೇರಿಯ ಬಂಗಾಳಿ ಹೆಂಗಸರು ನನ್ನನ್ನು ಎದುರಿಗೆ ಕಂಡರೆ ‘ಬೌದಿ’, ಅತ್ತಿಗೆ, ಎಂದು ಮರ್ಯಾದೆಯಿಂದ ತಲೆಯಾಡಿಸಿ ಹೋಗುವರು. ಅವಳನ್ನು ಕಂಡರೆ ನಿಲ್ಲುವರು. ಅವಳು ಎರಡೇ ವರ್ಷದಲ್ಲಿ ಅವರ ಭಾಷೆಯಲ್ಲಿ ಜಗಳವನ್ನೂ ಆಡಬಲ್ಲವಳಾದಳು. ನಾನು ಇವತ್ತಿಗೂ ಮೀನಿನವನ ಗಾಡಿ ಪಕ್ಕಕ್ಕೆ ಸರಿಸಲು ಹಿಂದಿಯಲ್ಲೇ ಹೇಳುತ್ತೇನೆ.

ಆಮೇಲೆ ಅಣ್ಣತಮ್ಮಂದಿರಿಗೆ ಹೋಟೆಲಿನ ವಿಷಯದಲ್ಲಿ ಸರಿಬರಲಿಲ್ಲ. ಮೈದುನ ಬೇರೆಯಾಗಿ ಬೆಹಾಲಾದಲ್ಲಿ ಬಾಡಿಗೆಗೆ ಫ್ಲಾಟ್ ಹಿಡಿದು, ಬೇರೆಯವರ ಹೋಟೆಲಿನಲ್ಲಿ ಮ್ಯಾನೇಜರ್ ಆದ. ಅವಳು ಹೋದ ದಿನ ನಾನು ಅತ್ತೆ ಕಾಣದಂತೆ ಪಾಯಸ ಮಾಡಿ ಕುಡಿದೆ ಎಂದು ನನ್ನ ಮಗಳು ಈಗಲೂ ತಮಾಷೆ ಮಾಡುತ್ತಾಳೆ. ಅದು ಸುಳ್ಳು. ಪಾಯಸ ಎಲ್ಲರಿಗೂ ಬಡಿಸಿದ್ದೆ.

ದೂರವಾದ ಮೇಲಾದರೂ ನೆಮ್ಮದಿ ಸಿಗಬೇಕಿತ್ತಲ್ಲ. ಅವಳು ಬೆಹಾಲಾದ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯತೊಡಗಿದಳು. ಮೊದಲು ರೈಲ್ವೆಯಲ್ಲಿರುವ ಧಾರವಾಡದ ಕಡೆಯ ಸಂಸಾರಗಳಿಗೆ, ಆಮೇಲೆ ಸಕ್ಕರೆ ಕಾಯಿಲೆಯ ಬಂಗಾಳಿ ಮುದುಕರಿಗೆ. ಡಾಕ್ಟರು ಅನ್ನ ಬಿಡಿ ಎಂದವರೆಲ್ಲ ಅವಳ ಬಾಗಿಲಿಗೆ ಬಂದರು. ನಮ್ಮ ಹೋಟೆಲಿಗೆ ಬರುವ ಗಿರಾಕಿಯೊಬ್ಬರು ಒಂದು ದಿನ ನನ್ನ ಗಂಡನ ಹತ್ತಿರವೇ ಅವಳ ಫೋನ್ ನಂಬರು ಕೇಳಿದರಂತೆ. ಇವರು ಹೆಮ್ಮೆಯಿಂದ ಕೊಟ್ಟುಬಂದು ನನಗೆ ಹೇಳಿದರು. ನಾನು ಆ ರಾತ್ರಿ ಅವರಿಗೆ ಮಜ್ಜಿಗೆಗೆ ಉಪ್ಪು ಹಾಕಲಿಲ್ಲ.

ಈಗ ನಮ್ಮ ಹಿಡಿ ಅಕ್ಕಿಯ ವಿಷಯ ಹೇಳಬೇಕು. ಇಲ್ಲಿನ ಕನ್ನಡದ ಹೆಂಗಸರು ನಾವೊಂದಿಷ್ಟು ಜನ ದಿನವೂ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿಯನ್ನು ಬೇರೆ ಡಬ್ಬಿಗೆ ಹಾಕಿಡುತ್ತೇವೆ. ತಿಂಗಳಿಗೊಮ್ಮೆ ಎಲ್ಲರ ಡಬ್ಬಿಯೂ ನಮ್ಮ ಕೆಳಗಿನ ಕೋಣೆಗೆ ಬರುತ್ತದೆ. ಸೋನಾ ಮಸೂರಿ, ಗೋಬಿಂದಭೋಗ್, ಕುಚ್ಚಲಕ್ಕಿ, ನುಚ್ಚು ಎಲ್ಲ ಒಂದರೊಳಗೊಂದು. ಒಂದು ಬೇಯುವಷ್ಟರಲ್ಲಿ ಇನ್ನೊಂದು ಮುದ್ದೆಯಾಗುವ ಈ ಅಕ್ಕಿಯಿಂದ ಅನ್ನ ಮಾಡಲಾಗದು, ರುಬ್ಬಬಹುದು ಅಷ್ಟೇ. ಅದಕ್ಕೇ ನಮ್ಮ ಹೋಟೆಲಿನವರೇ ದೋಸೆಗೆಂದು ಕೊಳ್ಳುತ್ತಾರೆ. ಆ ಹಣ ವರ್ಷಕ್ಕೊಮ್ಮೆ ಒಬ್ಬಳು ಹೆಂಗಸಿಗೋ ಹುಡುಗಿಗೋ ಹೋಗುತ್ತದೆ. ಒಬ್ಬಳಿಗೆ ನರ್ಸಿಂಗ್ ಓದಲು, ಒಬ್ಬಳಿಗೆ ಹೊಲಿಗೆ ಯಂತ್ರಕ್ಕೆ, ಒಬ್ಬ ವಿಧವೆಗೆ ಮಗಳನ್ನು ಕಟ್ಟಿಕೊಂಡು ಬೇರೆ ಮನೆ ಮಾಡಲು.

ಕೊಡುವುದಕ್ಕೊಂದು ಕ್ರಮವಿದೆ. ಬೇಕು ಎಂದು ಯಾರೂ ತಾವೇ ಕೇಳುವ ಹಾಗಿಲ್ಲ. ಇನ್ನೊಬ್ಬರು ಅವರ ಹೆಸರು ಹೇಳಬೇಕು. ಇಲ್ಲಿನವರು ಪೂಜೋ ಎನ್ನುವ ದುರ್ಗಾಪೂಜೆಯ ಗಲಾಟೆ ಮುಗಿದು, ಲಕ್ಷ್ಮೀಪೂಜೆಯ ನಂತರದ ಭಾನುವಾರ ಎಲ್ಲರೂ ಸೇರುತ್ತೇವೆ. ಪಡೆಯುವವಳು ಸೆರಗೊಡ್ಡಿ ಕೂರುತ್ತಾಳೆ. ತವರಿನಿಂದ ಹೊರಟ ಮಗಳಿಗೆ ಮಡಿಲಕ್ಕಿ ಕೊಡುವ ಹಾಗೆ ಪ್ರತಿಯೊಬ್ಬರೂ ಮನೆಯಿಂದ ತಂದ ಒಂದು ಹಿಡಿ ಬಿಳಿ ಅಕ್ಕಿಯನ್ನು ಅವಳ ಮಡಿಲಿಗೆ ಹಾಕಬೇಕು. ಒಂದು ಹಿಡಿ ಕಡಿಮೆಯಾದರೂ ಆ ವರ್ಷ ಹಣ ಕೊಡುವಂತಿಲ್ಲ. ಯಾಕೆ ಹಾಕಲಿಲ್ಲ ಎಂದು ಕೇಳುವಂತೆಯೂ ಇಲ್ಲ. ಹೆಂಗಸರು ಮನಸ್ಸಿನಲ್ಲಿ ಕಸಿವಿಸಿ ಇಟ್ಟುಕೊಂಡು ಕೊಟ್ಟದ್ದು ದಕ್ಕುವುದಿಲ್ಲ ಎಂದು ಶುರುಮಾಡಿದವರ ಲೆಕ್ಕ.

ಈ ಸಲ ನಮ್ಮಲ್ಲಿ ಹಿರಿಯರಾದ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಮೈಸೂರಿನವರು ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಾಕಿದರು. ನನ್ನ ಓರಗಿತ್ತಿಯದು.

ಕೈಮುಗಿದ ಚಿತ್ರಗಳೂ ಹೂವಿನ ಚಿತ್ರಗಳೂ ಸಾಲಾಗಿ ಬಂದು ಬೀಳುತ್ತಿದ್ದವು. ನಾನು ಗ್ರೈಂಡರ್ ನಿಲ್ಲಿಸಿ ನೋಡುತ್ತಾ ನಿಂತೆ. ವರ್ಷವಿಡೀ ಎಲ್ಲರ ಅಕ್ಕಿಯನ್ನು ಕಲ್ಲು ಆರಿಸಿ, ತೊಳೆದು, ನೆನೆಸಿ, ರುಬ್ಬಿದವಳು ನಾನು. ನನ್ನ ಬೆರಳುಗಳ ಸಂದಿ ಬಿರಿದಿರುವುದು ಆ ಅಕ್ಕಿಯ ನೀರಿನಿಂದ. ಅವಳು ಡಬ್ಬಿಯನ್ನು ತಿಂಗಳ ಕೊನೆಗೆ ನೆನಪಿಸಿದರೆ ಮಾತ್ರ ಕಳಿಸುವವಳು. ನನ್ನ ಹೆಸರು ಯಾಕೆ ಯಾರ ಬಾಯಿಗೂ ಬರಲಿಲ್ಲ? ನಿನಗೇನು ಕಮ್ಮಿ, ಹೋಟೆಲೇ ನಿಮ್ಮದು ಎನ್ನುತ್ತಾರೆ. ನಮ್ಮದು ಹೌದು. ನನ್ನದು ಯಾವುದು? ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ಹೋದಳು. ನನ್ನ ಮದುವೆಯಲ್ಲಿ ಮಡಿಲು ತುಂಬಿಸುವ ಹೊತ್ತಿಗೆ ಬಸ್ಸು ತಪ್ಪುತ್ತದೆ ಎಂದು ಗಡಿಬಿಡಿ ಮಾಡಿ ಎಬ್ಬಿಸಿಬಿಟ್ಟರು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಅವಳಿಗೆ ತವರಿನವರೂ ತುಂಬಿದ್ದರು, ನಮ್ಮತ್ತೆಯೂ ತುಂಬಿದ್ದರು, ಈಗ ಇಡೀ ಕೋಲ್ಕತ್ತಾದ ಕನ್ನಡದ ಹೆಂಗಸರೆಲ್ಲ ತುಂಬುತ್ತಾರೆ. ನನ್ನ ಮುಖ ನೋಡಿದ ಮಗಳು, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ, “ಅಮ್ಮಾ, ಯು ಆರ್ ಜೆಲಸ್, ಅಷ್ಟೇ” ಅಂದಳು. ಅಷ್ಟೇ ಅಂತೆ.

ಎರಡು ದಿನ ಬಿಟ್ಟು ಓರಗಿತ್ತಿಯ ಫೋನ್ ಬಂತು. ಫ್ಲಾಟಿನ ಮಾಲೀಕರು ಹೊಗೆ, ಬಡಿಯುವ ಸದ್ದು ಎಂದು ರೊಟ್ಟಿ ಮಾಡುವುದನ್ನು ನಿಲ್ಲಿಸಲು ಹೇಳಿದ್ದಾರಂತೆ. ಹತ್ತಿರದಲ್ಲೇ ಒಂದು ಅಂಗಡಿ ಕೋಣೆ ಖಾಲಿಯಿದೆ. ದೀಪಾವಳಿಯ ಕಾಳೀಪೂಜೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಎಂದಿದ್ದಾನಂತೆ ಕೋಣೆಯವನು. ಮೈದುನನ ಸಂಬಳ ಮನೆಗೇ ಸಾಲದು. ಈ ಹಣ ಬಂದರೆ ರೊಟ್ಟಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಎಲ್ಲ ಹೇಳಿ ಮುಗಿಸಿ ಕೇಳಿದಳು: “ಅಕ್ಕಾರ, ನೀವು ಬರ್ತೀರಲ್ಲರೀ?”

ಅವಳಿಗೆ ಗೊತ್ತಿತ್ತು. ನನ್ನ ಹೊಟ್ಟೆಯೊಳಗಿನದು ಅವಳಿಗೆ ಮೊದಲಿನಿಂದಲೂ ಗೊತ್ತು, ಅದಕ್ಕೂ ನನಗೆ ಕೋಪ. ಬಾರದೆ ಎಲ್ಲಿಗೆ ಹೋಗುವುದು ಎಂದು ಹೇಳಿ ಫೋನ್ ಇಟ್ಟೆ.

ಪೂಜೋ ದಿನಗಳಲ್ಲಿ ನಮಗೆ ಉಸಿರಾಡಲು ಪುರುಸೊತ್ತಿಲ್ಲ. ಪೆಂಡಾಲು ನೋಡಲು ಹೊರಟ ಊರೆಲ್ಲ ಹಸಿದುಕೊಂಡೇ ಓಡಾಡುತ್ತದೆ. ರುಬ್ಬುತ್ತಾ ರುಬ್ಬುತ್ತಾ ನಾನು ಒಂದೇ ವಿಷಯ ಯೋಚಿಸುತ್ತಿದ್ದೆ. ಭಾನುವಾರ ಜ್ವರ ಬಂದರೆ? ಯಾರೂ ಕೇಳುವಂತಿಲ್ಲ. ಒಂದು ಹಿಡಿ ಕಡಿಮೆ, ಅಲ್ಲಿಗೆ ಮುಗಿಯಿತು. ಇಷ್ಟು ವರ್ಷಗಳಲ್ಲಿ ನನ್ನ ಕೈಗೆ ಇಷ್ಟು ತೂಕ ಯಾವಾಗಲೂ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ ಆ ಯೋಚನೆ ಹಿತವಾಗಿತ್ತು.

ಭಾನುವಾರ ಜ್ವರ ಬರಲಿಲ್ಲ. ಸೀರೆ ಉಟ್ಟು, ಹೋಗುವುದೋ ಬೇಡವೋ ಎಂದು ಕೆಳಗಿನ ಕೋಣೆಯಲ್ಲಿ ನಿಂತೇ ಇದ್ದೆ. ಮಗಳು ಮೇಲಿಂದ ರಿಕ್ಷಾ ಬಂತು ಎಂದು ಕೂಗಿದಳು. ಡಬ್ಬಿಗೆ ಕೈಹಾಕಿ, ಬಾಚಿ, ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಓಡಿದೆ.

ದೊಡ್ಡಮ್ಮನ ಮನೆಯ ಹಾಲಿನಲ್ಲಿ ಚಾಪೆಯ ಮೇಲೆ ಓರಗಿತ್ತಿ ಹಸಿರು ಇಳಕಲ್ ಸೀರೆಯುಟ್ಟು ಕೂತಿದ್ದಳು. ಚೆನ್ನಾಗಿಯೇ ಕಾಣುತ್ತಿದ್ದಳು. ಒಬ್ಬೊಬ್ಬರೇ ಬಗ್ಗಿ ಹಾಕುತ್ತಿದ್ದರು, ಬೆಳ್ಳಗೆ ಸುರಿಯುತ್ತಿತ್ತು. ನಾನು ಕೊನೆಯವಳು. ಗಂಟು ಬಿಚ್ಚಿ, ಮುಷ್ಟಿ ತುಂಬಿ, ಅವಳ ಮುಖ ನೋಡದೆ ಸುರಿದೆ.

ಕೆಂಪಗಿತ್ತು.

ನನ್ನ ಕೋಣೆಯಲ್ಲಿ ಎರಡು ಡಬ್ಬಿಗಳು ಅಕ್ಕಪಕ್ಕ ಇವೆ. ಒಂದರಲ್ಲಿ ಬಿಳಿ ಬೆಳ್ತಿಗೆ ಅಕ್ಕಿ, ಇನ್ನೊಂದರಲ್ಲಿ ಕುಚ್ಚಲಕ್ಕಿ. ಒಮ್ಮೆ ಬೆಂದ ಅಕ್ಕಿಯನ್ನು ನಮ್ಮಲ್ಲಿ ದೇವರ ಮುಂದಿಡುವುದಿಲ್ಲ, ಮಡಿಲಿಗಂತೂ ಕನಸಿನಲ್ಲೂ ಹಾಕುವುದಿಲ್ಲ. ಇದು ಉಡುಪಿಯ ಕಡೆಯ ಚಿಕ್ಕ ಹುಡುಗಿಗೂ ಗೊತ್ತು. ಕತ್ತಲಲ್ಲೂ ಅಕ್ಕಿ ಮುಟ್ಟಿ ಯಾವುದೆಂದು ಹೇಳಬಲ್ಲ ನನ್ನ ಕೈ ತಪ್ಪಿತು ಎಂದರೆ ನಾನೇ ನಂಬುವುದಿಲ್ಲ. ಬೇಕೆಂದು ಮಾಡಿದೆ ಎಂದರೂ ನಂಬಿಕೆ ಬಾರದು. ಕೈ ಅದರಷ್ಟಕ್ಕೇ ಹೋಯಿತು.

ಉಡುಪಿಯ ಕಡೆಯವರು ಇಬ್ಬರು ಮುಖ ಮುಖ ನೋಡಿಕೊಂಡರು. ಓರಗಿತ್ತಿ ಮಡಿಲನ್ನೇ ನೋಡುತ್ತಿದ್ದಳು, ಸೆರಗು ಹಿಡಿದ ಬೆರಳು ಬಿಗಿಯಾಗಿತ್ತು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

“ಇದೇನಮ್ಮಾ, ಕುಸುಬಲಕ್ಕಿ ತಂದಿದ್ದೀಯ? ಯಾಕೆ ಅಂತ ನಾವು ಕೇಳೋ ಹಾಗಿಲ್ಲ. ಇದನ್ನ ಹಿಡಿ ಅಂತ ಲೆಕ್ಕಕ್ಕೆ ಇಟ್ಕೊಳ್ಳಲೋ, ಬೇಡವೋ, ಅಷ್ಟು ಹೇಳು.”

ಕೆಳಗೆ ಯಾರದೋ ಮನೆಯ ಶಂಖದ ಸದ್ದು ಕೇಳಿತು. ಬೇಡ ಎಂದು ಒಂದು ಮಾತು ಹೇಳಿದರೆ ಬೆಹಾಲಾದ ಆ ಕೋಣೆ ಹೋಗುತ್ತಿತ್ತು. ತಪ್ಪಾಯಿತು, ಕೈತಪ್ಪಿ ಬಂತು ಎಂದು ಹೇಳಿ ನಕ್ಕುಬಿಡಬಹುದಿತ್ತು. ಎರಡೂ ಬಾಯಿಗೆ ಬರಲಿಲ್ಲ.

“ಇಟ್ಕೊಳ್ಳಿ,” ಅಂದೆ. “ಅವಳಿಗೆ ಬೇಡ ಅಂತ ಅಲ್ಲ. ನಂಗೂ ಬೇಕು ಅಂತ.”

ಹೇಳಿದ ಮೇಲೆ ಕಿವಿ ಬಿಸಿಯಾಯಿತು. ತಾನೇ ಕೇಳಬಾರದು ಎಂಬ ಕ್ರಮ ಮುರಿದವಳು ಇಷ್ಟು ವರ್ಷಗಳಲ್ಲಿ ನಾನೊಬ್ಬಳೇ. ಅದನ್ನು ಹೇಳಿದ್ದಾದರೂ ಎಂಥ ಹೊತ್ತಿನಲ್ಲಿ! ದೊಡ್ಡಮ್ಮ, ಹಾಗಾದರೆ ಲೆಕ್ಕ ಸರಿಯಾಯಿತು ಎಂದಷ್ಟೇ ಹೇಳಿ ಲಕೋಟೆ ತರಲು ಒಳಗೆ ಹೋದರು.

ಓರಗಿತ್ತಿ ಮಡಿಲಿನ ಗಂಟು ಕಟ್ಟಲಿಲ್ಲ. ಅವಳ ಊರಿನಲ್ಲಿ ಉಡಿ ತುಂಬಿಸಿಕೊಂಡವಳು ಅದರಿಂದ ಸ್ವಲ್ಪ ತೆಗೆದು ತುಂಬಿದವರಿಗೆ ಹಿಂದಿರುಗಿಸಬೇಕಂತೆ, ಆ ಮನೆಯ ಲಕ್ಷ್ಮಿ ಪೂರ್ತಿ ಹೊರಟುಹೋಗದಿರಲಿ ಎಂದು. ಒಬ್ಬೊಬ್ಬರಿಗೂ ನಾಲ್ಕು ಕಾಳು ಕೊಡುತ್ತಾ ಬಂದಳು. ನನ್ನ ಹತ್ತಿರ ಬಂದಾಗ ನಾನು ಪ್ರಸಾದ ತೆಗೆದುಕೊಳ್ಳುವ ಹಾಗೆ ಅಂಗೈ ಚಾಚಿದೆ. ಅವಳು ಕೈ ಬದಿಗೆ ಸರಿಸಿ, ನನ್ನ ಸೆರಗನ್ನು ತಾನೇ ಎಳೆದು ಹರಡಿ, ಒಂದು ಪೂರ್ತಿ ಹಿಡಿ ಹಾಕಿದಳು. ಬಿಳಿಯದೂ ಕೆಂಪಿನದೂ ಬೆರೆತಿತ್ತು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಬರೂ ವರ್ಷ ಅಕ್ಕಾರ ಹೆಸರು ನಾ ಹೇಳ್ತೀನ್ರಿ. ಅವರ ಹಿಟ್ಟಿಗೆ ಅವರದಽ ಹೆಸರಿನ ಅಂಗಡಿ ಬೇಕು.”

ನೋಡಿ, ಅಲ್ಲೂ ಅವಳೇ. ನನ್ನ ಹೆಸರು ಹೇಳಿ ಒಳ್ಳೆಯವಳೆನಿಸಿಕೊಂಡದ್ದೂ ಅವಳೇ. ನನ್ನ ಹಿಟ್ಟಿನ ವಿಷಯ ಇಷ್ಟು ಜನರಲ್ಲಿ ನೆನಪಿದ್ದದ್ದೂ ಅವಳಿಗೊಬ್ಬಳಿಗೇ. ರಿಕ್ಷಾದಲ್ಲಿ ಮನೆಗೆ ಬರುವಾಗ ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ, ಮತ್ತು ದಾರಿಯುದ್ದಕ್ಕೂ ಅವಳನ್ನು ಮನಸ್ಸಿನಲ್ಲೇ ಬೈದೆ.

ಅಕ್ಕಿಯನ್ನು ಹೋಟೆಲಿನ ರಾಶಿಗೆ ಸೇರಿಸಲಿಲ್ಲ. ಬೇರೆ ನೆನೆಸಿ, ಒಂದಿಷ್ಟು ಉದ್ದು ಸೇರಿಸಿ, ಅತ್ತೆಯ ಕಾಲದ ಸಣ್ಣ ಒರಳಲ್ಲಿ ಕೈಯಲ್ಲೇ ರುಬ್ಬಿದೆ. ಬೆಳಿಗ್ಗೆ ಎರಡು ದೋಸೆ ಆಯಿತು, ಅಂಚು ಗರಿಗರಿ, ಸ್ವಲ್ಪ ಕೆಂಪು ಬಣ್ಣ. ಗಂಡ ವಾಸನೆಗೆ ಒಳಗೆ ಬಂದು ತಟ್ಟೆ ಹಿಡಿದು ನಿಂತರು. ಹೋಟೆಲಿನ ಹಿಟ್ಟಾ ಎಂದು ಕೇಳಿದರು.

“ಅಲ್ಲ, ನನ್ನದು,” ಎಂದೆ.

ಎರಡನ್ನೂ ನಾನೇ ತಿಂದೆ.