ದುಂಡಗಾದ ಮೂಲೆಗಳು

ಕೆಟ್ಟ ಮೋಟರು ಕಂಡರೆ ರಿಪೇರಿ ಮಾವನ ಕೈ ಸುಮ್ಮನಿರುವುದಿಲ್ಲ. ಡಿಪೊದಲ್ಲಿ ಬಸ್ಸುಗಳ ವೈರಿಂಗು ನೋಡಿಕೊಂಡು ನಿವೃತ್ತನಾದವನು. ಈಗ ಬೀದಿಯವರ ಮಿಕ್ಸಿ, ಫ್ಯಾನು, ನೀರಿನ ಪಂಪು ಎಲ್ಲಕ್ಕೂ ಅವನೇ ಡಾಕ್ಟರು. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸುತ್ತಾನೆ, ಜೋಡಿಸಿದ ಮೇಲೆ ಒಂದು ಸ್ಕ್ರೂ ಕೂಡ ಮಿಗುವುದಿಲ್ಲ. ಇಷ್ಟು ಗುಣವಂತನಿಗೆ ಇರುವುದು ಒಂದೇ ಐಬು: ಯಾರನ್ನೂ ಏನನ್ನೂ ಕೇಳುವವನಲ್ಲ. ಏನು ಕೆಟ್ಟಿದೆ ಎಂದು ತಾನೇ ತೀರ್ಮಾನಿಸಿ, ತಾನೇ ಸ್ಕ್ರೂಡ್ರೈವರ್ ಹಿಡಿದು ಕೂತುಬಿಡುತ್ತಾನೆ. ಮಿಕ್ಸಿಗೇನೋ ಸರಿ, ಅದಕ್ಕೆ ಬಾಯಿಲ್ಲ. ಹೆಂಡತಿಗೆ ಬಾಯಿ ಇತ್ತು.

ಅವಳನ್ನು ಬೀದಿಯವರು ಟೈಲರ್ ಅತ್ತೆ ಎನ್ನುತ್ತಾರೆ. ಬೀದಿಯ ಅರ್ಧ ಜನ ಅವಳು ಹೊಲಿದ ಬಟ್ಟೆ ಹಾಕಿಕೊಂಡೇ ಬೆಳೆದವರು. ಕಣ್ಣು ಮಂಜಾಗತೊಡಗಿದಾಗ ಮೊದಲು ಸೂಜಿಗೆ ದಾರ ಪೋಣಿಸುವುದು ನಿಂತಿತು, ಆಮೇಲೆ ಮುಖಗಳ ಗುರುತು ಹೋಯಿತು. ಈಗ ಕಿಟಕಿ ಯಾವ ಕಡೆ ಇದೆ ಎಂದು ತಿಳಿಯುವಷ್ಟು ಬೆಳಕು ಮಾತ್ರ. ಹೋದದ್ದು ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ಅತ್ತೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಗಂಡನಿಗೆ ಹೇಳಿದ್ದಳು: "ನನ್ನ ಮನೇಲಿ ನಾನೇ ಓಡಾಡ್ಕೊಂಡಿರ್ತೀನಿ. ಕೈ ಹಿಡಿದು ನಡೆಸೋಕೆ ಮಾತ್ರ ಬರಬೇಡಿ. ಅವತ್ತಿಗೆ ನನ್ನ ಕಥೆ ಮುಗೀತು ಅಂತ."

ಹೇಳಿದಂತೆಯೇ ನಡೆದುಕೊಂಡಳು. ನೀರು ತುಂಬುತ್ತಿದ್ದಳು, ಅಡುಗೆ ಮಾಡುತ್ತಿದ್ದಳು, ಬಾಗಿಲು ಬಡಿದರೆ ಮಾವನಿಗಿಂತ ಮೊದಲೇ ಹೋಗಿ ತೆಗೆಯುತ್ತಿದ್ದಳು. ಆದರೆ ಒಂದು ದಿನ ಒಗೆದ ಬಟ್ಟೆ ಹರವಲು ಕೈ ಎತ್ತಿದಾಗ ಅವಳ ಸೊಂಟದ ಮೇಲೆ ಅಂಗೈಯಗಲ ನೀಲಿಗಟ್ಟಿದ್ದು ಮಾವನ ಕಣ್ಣಿಗೆ ಬಿತ್ತು. ಊಟದ ಮೇಜಿನ ಮೂಲೆ ಬಡಿದ ಗುರುತು. ಮೊಣಕಾಲ ಕೆಳಗೂ ಹಳೆಯವು ಹೊಸವು ಸೇರಿಕೊಂಡಿದ್ದವು. ಏನು ಕೆಟ್ಟಿದೆ ಎಂಬುದು ಅವನಿಗೆ ಆಗಲೇ ತೀರ್ಮಾನವಾಗಿ ಹೋಯಿತು.

ಬೀದಿಯ ಕೊನೆಯ ಬಡಗಿಯ ಅಂಗಡಿಯಲ್ಲಿ ಬೆಂಚಿನ ಕೆಳಗೆ ಗೋಣಿಚೀಲದೊಳಗೆ ಒಂದು ಹಳೆಯ ರೌಟರ್ ಬಿದ್ದಿತ್ತು. ಮರದ ಅಂಚನ್ನು ದುಂಡು ಮಾಡುವ, ಹಲಗೆಯಲ್ಲಿ ಗೀರು ಕೊರೆಯುವ ಕೈಮಷೀನು ಅದು.

"ಅದಾ? ಅದು ಸತ್ತು ಯಾವ ಕಾಲ ಆಯ್ತೋ ಮಾವ," ಎಂದ ಬಡಗಿ. "ಯಾವ ಅಂಚು ದುಂಡು ಆಗಬೇಕು ಹೇಳಿ, ಹೊಸ ಮಷೀನ್ ತಂದು ನಾನೇ ಹೊಡೆದುಕೊಡ್ತೀನಿ."

ಅದಕ್ಕೆ ಒಪ್ಪಿಕೊಂಡಿದ್ದರೆ ಅವನು ರಿಪೇರಿ ಮಾವ ಹೇಗಾಗುತ್ತಿದ್ದ? ಚೌಕಾಸಿ ಮಾಡಿ, ಗೋಣಿಚೀಲವನ್ನೂ ಪುಕ್ಕಟೆಯಾಗಿ ಸೇರಿಸಿಕೊಂಡು, ಮಗುವನ್ನು ಎತ್ತಿಕೊಂಡಂತೆ ಎದೆಗವಚಿ ತಂದ.

ಊಟದ ಮೇಜಿನ ಮೇಲೆ ಹಳೆ ಪೇಪರು ಹಾಸಿ ಬಿಚ್ಚಿದ. ಗಾಳಿ ಕಿಂಡಿಗಳಲ್ಲೆಲ್ಲ ಮರದ ಪುಡಿ ಎಣ್ಣೆ ಕುಡಿದು ಗಟ್ಟಿಯಾಗಿತ್ತು. ಮೋಟರಿಗೆ ಕರೆಂಟು ಹಾಯಿಸುವ ಕಾರ್ಬನ್ ಬ್ರಷ್ಷುಗಳು ಸವೆದು ಉಗುರಿನಷ್ಟಾಗಿದ್ದವು. ಬೇರಿಂಗು ತಿರುಗಿಸಿದರೆ ಮರಳು ಅಗಿದ ಸದ್ದು. ಆದರೆ ಮೀಟರ್ ಇಟ್ಟು ನೋಡಿದರೆ ಒಳಗಿನ ಕಾಯಿಲ್ ಸುಟ್ಟಿರಲಿಲ್ಲ. ಮಾವನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಬ್ರಷ್ಷನ್ನು ಒತ್ತಿ ಹಿಡಿಯುವ ಪುಟ್ಟ ಸ್ಪ್ರಿಂಗು ಮಾತ್ರ ಟಣ್ಣನೆ ಹಾರಿ ಎಲ್ಲೋ ಬಿತ್ತು. ಮಾವ ಟಾರ್ಚು ಹಿಡಿದು ಮಂಚದ ಕೆಳಗೆ ತೆವಳುತ್ತಿದ್ದಾಗ ಅತ್ತೆ ಅಡುಗೆಮನೆಯಿಂದ ಬಂದಳು. ಸದ್ದು ಕೇಳಿದ ಕಡೆ ಬಗ್ಗಿ, ನೆಲದ ಮೇಲೆ ಅಂಗೈ ಆಡಿಸಿ, ಮೇಜಿನ ಕಾಲ ಹಿಂದಿನಿಂದ ಅದನ್ನು ಹೆಕ್ಕಿಕೊಟ್ಟಳು.

"ತಗೊಳ್ಳಿ. ಕಣ್ಣಿರೋರು ಹುಡುಕೋ ಚಂದ ನೋಡಿ!"

ಮಾವ ನಕ್ಕ. ಆ ಬೆರಳುಗಳಿಗೆ ಇನ್ನೂ ಏನೇನು ಗೊತ್ತಿರಬಹುದು ಎಂದು ಒಂದು ಗಳಿಗೆ ಯೋಚಿಸಿದ್ದರೆ ಮುಂದಿನ ಫಜೀತಿ ತಪ್ಪುತ್ತಿತ್ತು. ಯೋಚಿಸಲಿಲ್ಲ, ಮಹಾರಾಯ.

ಬೇರಿಂಗು ಬದಲಾಯಿತು, ಹೊಸ ಬ್ರಷ್ಷು ಕೂತಿತು, ಸೀಮೆಎಣ್ಣೆಯಲ್ಲಿ ಮಿಂದ ಕಬ್ಬಿಣ ಹೊಳೆಯಿತು. ಸೀಳಿದ್ದ ತಳದ ತಟ್ಟೆಗೆ ಬದಲಾಗಿ ಹಳೆ ಬಸ್ ಬೋರ್ಡಿನ ಅಕ್ರಿಲಿಕ್ ಹಾಳೆಯನ್ನು ಕತ್ತರಿಸಿ ಕೂರಿಸಿದ. ಸ್ವಿಚ್ ಹಾಕಿದಾಗ ಮಷೀನು ಗುಂಯ್ ಎಂದು ಎದ್ದಿತು. ಮರ ಕೊರೆಯುವ ಹೊಸ ಬಿಟ್ ಸಿಕ್ಕಿಸಿ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳ ಮೇಲೆ ಕೈ ಪಳಗಿಸಿಕೊಂಡ. ಅಷ್ಟರಲ್ಲಿ ಅತ್ತೆ ನಾಲ್ಕು ದಿನದ ಮಟ್ಟಿಗೆ ಅಕ್ಕನ ಮನೆಗೆ ಹೊರಟಳು. ಮಾವನಿಗೆ ಅದೇ ಬೇಕಿತ್ತು.

ಅವಳು ಬರುವಷ್ಟರಲ್ಲಿ ಮನೆಯಲ್ಲಿ ಒಂದು ಚೂಪು ಮೂಲೆಯೂ ಉಳಿದಿರಲಿಲ್ಲ. ಮೇಜು, ಮಂಚ, ಕಪಾಟು, ಹೊಲಿಗೆ ಮಷೀನಿನ ಹಲಗೆ, ಬಾಗಿಲ ಚೌಕಟ್ಟುಗಳು, ಎಲ್ಲ ಅಂಚೂ ದುಂಡಗೆ. ಅಷ್ಟಕ್ಕೇ ಬಿಡುವ ಆಸಾಮಿಯೇ? ಹಳೆಯ ಚೆಕ್ಕೆ ಎದ್ದ ಜಾಗ, ಗಾಯ, ಬಿರುಕುಗಳಿಗೆಲ್ಲ ಪುಟ್ಟಿ ತುಂಬಿ, ಮರಳು ಕಾಗದ ಉಜ್ಜಿ ನುಣ್ಣಗೆ ಮಾಡಿಟ್ಟ.

"ನಡೆದು ನೋಡು," ಎಂದ, ಹೆಮ್ಮೆಯಿಂದ.

ಅತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಕಪಾಟಿನ ಅಂಚು ಸವರಿದಳು, ಮುಂದೆ ಹೋಗಿ ಮೇಜಿನ ಅಂಚು ಸವರಿದಳು. ಮತ್ತೆ ಹಿಂದೆ ಬಂದಳು. ಹಜಾರದ ನಡುವೆ ಎರಡೂ ಕೈ ಮುಂದೆ ಚಾಚಿ ನಿಂತುಬಿಟ್ಟಳು.

"ರೀ, ನಾನೆಲ್ಲಿದ್ದೀನಿ?"

ಮಾವ ಓಡಿ ಹತ್ತಿರ ಬಂದ. ಅವಳು ಮೆಲ್ಲಗೆ ಒಂದೊಂದೇ ಹೇಳಿದಳು. ಮೇಜಿನ ಮೂಲೆ ಸೊಂಟಕ್ಕೆ ತಾಕಿದರೆ ಅಲ್ಲಿಂದ ಅಡುಗೆಮನೆಗೆ ತಿರುಗಬೇಕು. ಚೌಕಟ್ಟಿನಲ್ಲಿ ಚೆಕ್ಕೆ ಎದ್ದಿದ್ದರೆ ಅದು ಬಚ್ಚಲ ಬಾಗಿಲು. ಕಪಾಟಿನ ಬಿರುಕು ದಾಟಿದರೆ ಮುಂದೆ ಹೊಸಿಲು. "ನೋವಾಗ್ತಿತ್ತು, ಇಲ್ಲ ಅನ್ನಲ್ಲ. ಆದ್ರೆ ಬಡಿದಾಗ ಇಲ್ಲೇ ಇದ್ದೀನಿ ಅಂತ ಗೊತ್ತಾಗ್ತಿತ್ತು. ಈಗ ಎಲ್ಲಾ ಒಂದೇ ಥರ ಇದೆ."

ಅವಳು ಬೈದಿದ್ದರೆ ಅವನಿಗೆ ವಾಸಿ ಎನಿಸುತ್ತಿತ್ತು. ಬೈಯಲಿಲ್ಲ. ಅಂದಿನಿಂದ ಕುರ್ಚಿಯಿಂದ ಏಳಬೇಕಾದರೆ "ಸ್ವಲ್ಪ ಕೈ ಕೊಡ್ತೀರಾ?" ಎನ್ನತೊಡಗಿದಳು. ಹೆಂಡತಿಯ ಕೈ ಹಿಡಿಯಲು ಮಾವನಿಗೇನು ಬೇಸರ? ಆದರೆ ಹಾಗೆ ಕೇಳುವಾಗ ಅವಳ ದನಿ ತಗ್ಗುತ್ತಿತ್ತು, ಅದನ್ನು ಅವನಿಗೆ ಸಹಿಸಲಾಗಲಿಲ್ಲ. ಅವಳು ಬೇಡವೆಂದ ದಿನವನ್ನು ತಾನೇ ಕೈಯಾರೆ ಮನೆಗೆ ತಂದೆನಲ್ಲ ಎಂದು ಒಳಗೇ ಬೇಯುತ್ತಿದ್ದ.

ಕೊನೆಗೊಂದು ಮಧ್ಯಾಹ್ನ ಗೋಣಿಚೀಲ ತೆಗೆದ. ಸದ್ದಿಗೆ ಅತ್ತೆ ಕಿವಿ ನಿಮಿರಿಸಿದಳು.

"ಎಲ್ಲಿಗೆ ಹೊರಡ್ತು ಸವಾರಿ?"

"ಗುಜರಿಗೆ. ದರಿದ್ರ ಮಷೀನು."

"ಅದರದ್ದೇನ್ರೀ ತಪ್ಪು? ಅದು ನೀವು ಹೇಳಿದ್ದು ಮಾಡ್ತು."

ಮಾವ ಪೆಚ್ಚಾಗಿ ನೆಲದ ಮೇಲೆ ಕೂತ. ಚೀಲವನ್ನು ಮಡಚಿದ, ಬಿಚ್ಚಿದ. ಆಮೇಲೆ, ಮದುವೆಯಾದಾಗಿನಿಂದ ಬಹುಶಃ ಮೊದಲ ಸಲ, ಕೇಳಿದ: "ಎಲ್ಲೆಲ್ಲಿ ಏನೇನು ಬೇಕು, ನೀನೇ ಹೇಳು. ಹೇಳಿದಷ್ಟೇ ಮಾಡ್ತೀನಿ, ಜಾಸ್ತಿ ಮಾಡಲ್ಲ."

ಅತ್ತೆ ಅವನ ದನಿ ಬಂದ ಕಡೆ ಮುಖ ತಿರುಗಿಸಿದಳು. ಆಮೇಲೆ, "ಹೊಲಿಗೆ ಮಷೀನಿನ ಡ್ರಾಯರಲ್ಲಿ ಸೀಮೆಸುಣ್ಣ ಇದೆಯಲ್ಲ, ಬಟ್ಟೆಗೆ ಗುರುತು ಹಾಕೋದು, ಅದನ್ನ ಕೊಡಿ," ಎಂದಳು.

ಅವಳು ಗೇಣು ಹಾಕಿ ಅಳೆದಳು, ತೋಳಿನ ಬಟ್ಟೆಗೆ ಗುರುತು ಹಾಕುವಾಗಿನ ಅದೇ ಗತ್ತಿನಲ್ಲಿ ಗೆರೆ ಎಳೆದಳು. ಅವನು ಗೆರೆಯ ಮೇಲೆ ರೌಟರ್ ಹರಿಸಿದ. ಅಡುಗೆಮನೆಗೆ ತಿರುಗುವಲ್ಲಿ ಮೇಜಿಗೆ ಒಂದು ಗೀರು, ಬಚ್ಚಲ ಚೌಕಟ್ಟಿಗೆ ಜೋಡಿ ಗೀರು, ಹೊಸಿಲಿನ ಮುಂಚೆ ಕಪಾಟಿಗೆ ಓರೆ ಗೀರು. ಒಂದೊಂದು ಮುಗಿದಾಗಲೂ ಅವಳು ಬೆರಳು ಓಡಿಸಿ ನೋಡಿದಳು. "ಇನ್ನೂ ಸ್ವಲ್ಪ ಆಳ," ಎಂದರೆ ಅವನು ತುಟಿಪಿಟಕ್ಕೆನ್ನದೆ ಇನ್ನೊಮ್ಮೆ ಹರಿಸಿದ. ಇಬ್ಬರ ತಲೆಯ ಮೇಲೂ ಮರದ ಪುಡಿ ಕೂತಿತ್ತು.

ಮರುದಿನ ಬೆಳಿಗ್ಗೆ ಅತ್ತೆ ಕುರ್ಚಿಯಿಂದ ತಾನೇ ಎದ್ದಳು. ಮಾವ ಎಲ್ಲಿ ಎಡವುತ್ತಾಳೋ ಎಂದು ಸದ್ದಿಲ್ಲದೆ ಮೇಜಿನ ಪಕ್ಕ ಕೈ ಚಾಚಿ ನಿಂತಿದ್ದ. ಅಂಚಿನ ಮೇಲೆ ಬೆರಳು ಜಾರಿಸಿಕೊಂಡು ಬಂದ ಅವಳು ಗೀರು ಸಿಕ್ಕಿದ್ದೇ ಸರಕ್ಕನೆ ಅಡುಗೆಮನೆಯ ಕಡೆ ತಿರುಗಿ, ಸೀದಾ ಅವನ ಮೊಣಕೈಗೆ ಡಿಕ್ಕಿ ಹೊಡೆದಳು.

"ಅಯ್ಯೋ! ಇದೊಂದು ಮೂಲೆ ಮಾತ್ರ ಹಾಗೇ ಬಿಟ್ಟಿದ್ದೀರಲ್ರೀ!" ಎಂದಳು ಅತ್ತೆ. ಅವಳ ದನಿ ಮೊದಲಿನಷ್ಟೇ ಜೋರಾಗಿತ್ತು. "ದಾರಿ ಬಿಡಿ, ಒಲೆ ಹಚ್ಚಬೇಕು."

ಮಾವ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡು, ಕಣ್ಣೊರೆಸಿಕೊಂಡು, ದಾರಿ ಬಿಟ್ಟ.