ಬಾಮೈದ ನಿದ್ದೆ ಹೋದ ದಿನ

ಪೆಟ್ರೋಲ್ ಬಂಕಿನ ಹಿಂದಿನ ಬಯಲಿನಲ್ಲಿ ಬೆಳಕು ಈಗಷ್ಟೇ ಮೂಡುತ್ತಿದೆ. ಲಾರಿಯ ಬಂಪರ್ ಮೇಲೆ ಹತ್ತಿ ನಿಂತವರೊಬ್ಬರು ಎದುರಿನ ಗಾಜಿಗೆ ಅಂಟಿ ಸತ್ತ ಹುಳುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ನಿನ್ನೆ ಸಂಜೆಯ ಹುಳುಗಳು, ಒಣಗಿ ಗಾಜಿನ ಜೊತೆ ಒಂದಾಗಿಬಿಟ್ಟಿವೆ. ಬಟ್ಟೆಗೆ ಬಗ್ಗದವನ್ನು ಹೆಬ್ಬೆರಳಿನ ಉಗುರಿನಿಂದ ಕೆರೆಯುತ್ತಾರೆ, ಮತ್ತೆ ಒರೆಸುತ್ತಾರೆ. ಬಕೆಟ್ಟನ್ನು ನೆಲಕ್ಕೆ ಇಡುವಾಗ ಹಿಡಿಕೆ ಸದ್ದು ಮಾಡದಂತೆ ಬೆರಳು ಅಡ್ಡ ಕೊಡುತ್ತಾರೆ. ಒಳಗೆ, ಸೀಟುಗಳ ಹಿಂದಿನ ಹಲಗೆಯ ಮೇಲೆ ಅವರ ಹೆಂಡತಿಯ ತಮ್ಮ ನಿದ್ದೆಯಲ್ಲಿದ್ದಾನೆ. ಲಾರಿ ನಿಂತಿರುವಾಗ ಮಾತ್ರ ಬರುವ ನಿದ್ದೆ ಅದು. ಭಾವ ಸ್ಟೇರಿಂಗ್ ಹಿಡಿದರೆಂದರೆ ಹಾರಿಹೋಗುತ್ತದೆ.

ಈ ಬಯಲಿನಲ್ಲಿ ತಂಗುವ ಚಾಲಕರು ಗಾಜು ಒರೆಸುವವರನ್ನು ಕರೆಯುವುದು ‘ಮೇಷ್ಟ್ರು’ ಎಂದು. ಪಾಠ ಹೇಳಿದವರಲ್ಲ, ಹದಿನೇಳು ವರ್ಷ ಶಾಲೆಯ ಬಸ್ಸು ಓಡಿಸಿದವರು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು, ಮಧ್ಯಾಹ್ನ ಮನೆಯಲ್ಲೇ ಉಂಡು, ಸಂಜೆ ಅವರನ್ನು ಮನೆ ಮುಟ್ಟಿಸುವ ಕೆಲಸ. ಶಾಲೆಯವರು ಬಸ್ಸು ಮಾರಿ ಬೇರೆ ಯಾರಿಗೋ ಗುತ್ತಿಗೆ ಕೊಟ್ಟಾಗ ವಯಸ್ಸು ನಲವತ್ತು ದಾಟಿತ್ತು. ಕೈಯಲ್ಲಿ ಭಾರಿ ವಾಹನದ ಲೈಸೆನ್ಸ್ ಇತ್ತು, ಬೇರೆ ವಿದ್ಯೆ ಇರಲಿಲ್ಲ. ದೂರದ ದಾರಿಯ ಲಾರಿ ಓಡಿಸಿ ಪಳಗಿದ ಬಾಮೈದ “ಬನ್ನಿ ಭಾವ, ನನ್ನ ಜೊತೆ ಕೂತ್ಕೊಳ್ಳಿ” ಎಂದ. ಹೀಗೆ ಬಂದವರು.

“ಏನ್ ಮೇಷ್ಟ್ರೇ, ಹಾಜರಿ ಆಯ್ತಾ? ಎಲ್ಲಾ ಮಕ್ಳೂ ಬಂದಿದಾರಾ?” ಪಕ್ಕದ ಲಾರಿಯಿಂದ ಹಲ್ಲುಜ್ಜುತ್ತಾ ಇಳಿದ ದಪ್ಪ ಮೀಸೆಯ ಚಾಲಕ ಕೇಳುತ್ತಾನೆ.

“ಒಬ್ಬ ಬಂದಿಲ್ಲ. ಮೀಸೆ ಇರೋನು. ಅವರಪ್ಪನ್ನ ಕರ್ಕೊಂಡು ಬರೋಕೆ ಹೇಳಿದೀನಿ.”

ಮೀಸೆಯವನು ನಕ್ಕು ಬಾಯಿಯ ನೊರೆಯನ್ನೆಲ್ಲ ಅಂಗಿಗೆ ಬೀಳಿಸಿಕೊಳ್ಳುತ್ತಾನೆ. ಮೇಷ್ಟ್ರು ನಗುವುದಿಲ್ಲ. ಬಟ್ಟೆ ಹಿಂಡಿ ಕನ್ನಡಿಯ ಕಡೆ ತಿರುಗುತ್ತಾರೆ.

ಬಸ್ಸು ಗೊತ್ತಿದ್ದವನಿಗೆ ಲಾರಿ ಏನು ಮಹಾ ಎಂದುಕೊಂಡೇ ಅವರು ಬಂದದ್ದು. ಮೊದಲ ವಾರವೇ ಆ ಜಂಬ ಇಳಿಯಿತು. “ಖಾಲಿ ಲಾರಿ ಕುಣಿಯುತ್ತೆ, ತುಂಬಿದ ಲಾರಿ ಹಿಂದಿನಿಂದ ತಳ್ಳುತ್ತೆ. ಒಂದೇ ಗಾಡಿ, ಎರಡು ಬುದ್ಧಿ,” ಅನ್ನುತ್ತಾರೆ. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿ ತುಳಿಯುತ್ತಾ ಹೋಗಬಾರದು, ಮೇಲಿಂದಲೇ ಸಣ್ಣ ಗೇರಿಗೆ ಹಾಕಿಕೊಂಡು ಇಳಿಯಬೇಕು ಎನ್ನುವುದನ್ನು ಕಲಿಯುವಷ್ಟರಲ್ಲಿ ಎರಡು ಸಲ ಚಕ್ರದಿಂದ ಸುಟ್ಟ ವಾಸನೆ ಬಂದಿತ್ತು. ಈಗ ಒಂದು ಪ್ರಯಾಣವೆಂದರೆ ಹೋಗಲು ಮೂರು ದಿನ, ಬರಲು ಮೂರು ದಿನ. ಲೋಡ್ ಇಳಿಸಲು ಕಾಯುವುದು ಬೇರೆ, ಅದಕ್ಕೆ ಲೆಕ್ಕವಿಲ್ಲ. ಬಂಕಿನ ನಲ್ಲಿಯಲ್ಲಿ ಸ್ನಾನ. ಹಸಿವಾದಾಗ ಊಟ ಸಿಗುವುದಿಲ್ಲ, ಊಟ ಸಿಕ್ಕಾಗ ಹಸಿವಿರುವುದಿಲ್ಲ. ಸೊಂಟಕ್ಕೆ ಒಂದು ದಿಂಬು ಇಟ್ಟುಕೊಂಡಿದ್ದಾರೆ. ಹೆಂಡತಿ ಹೊಲಿದುಕೊಟ್ಟದ್ದು, ಹಳದಿ ಹೂಗಳದ್ದು. ಬಯಲಿನ ಹಾಸ್ಯಕ್ಕೆ ಅದೂ ಆಹಾರ.

ಇವರಿಗೆ ಕಲಿಸುವುದು ಬಾಮೈದನಿಗೂ ಸುಲಭವಿಲ್ಲ. ಹನ್ನೆರಡು ವರ್ಷ ದೊಡ್ಡವರು, ಅಕ್ಕನ ಗಂಡ. ಬೈಯುವಂತಿಲ್ಲ, ಬೈಯದೆ ಲಾರಿ ಕಲಿಸಿದವರು ಯಾರೂ ಇಲ್ಲ. ಅದಕ್ಕೆ ಅವನು ಒಂದು ದಾರಿ ಕಂಡುಕೊಂಡಿದ್ದಾನೆ. ಭಾವ ತಪ್ಪು ಮಾಡಿದಾಗಲೆಲ್ಲ ಲಾರಿಯನ್ನು ಬೈಯುತ್ತಾನೆ. ಡ್ಯಾಶ್‌ಬೋರ್ಡಿಗೆ ಒಂದು ಏಟು ಕೊಟ್ಟು, “ಏನಮ್ಮಾ, ಕಣ್ಣು ಕಾಣಲ್ವಾ ನಿಂಗೆ? ಅಷ್ಟು ದೊಡ್ಡ ಗುಂಡಿ! ತಲೇಲಿ ಏನ್ ತುಂಬ್ಕೊಂಡಿದೀಯ?” ಎನ್ನುತ್ತಾನೆ. ಆಮೇಲೆ ಮೆತ್ತಗೆ, “ನಿಮಗಲ್ಲ ಭಾವ, ಇವಳಿಗೆ.” ಮೇಷ್ಟ್ರು ಗಂಭೀರವಾಗಿ ತಲೆಯಾಡಿಸುತ್ತಾರೆ. “ಹೂಂ, ಸ್ವಲ್ಪ ಜಾಸ್ತಿನೇ ಹೇಳು. ಅವಳಿಗೆ ನಾಟೋದೇ ಇಲ್ಲ.”

ಇಬ್ಬರು ಚಾಲಕರ ಲಾರಿಯಲ್ಲಿ ಒಬ್ಬ ಓಡಿಸುವಾಗ ಇನ್ನೊಬ್ಬ ಹಿಂದೆ ಮಲಗಬೇಕು. ಹೊಸಬನ ಪರೀಕ್ಷೆಯೂ ಅದೇ. ಹಳಬನಿಗೆ ನಿದ್ದೆ ಬಂದರೆ ಹೊಸಬ ಗೆದ್ದ. ಬಾಮೈದ ಇಷ್ಟು ದಿನವೂ ಮಲಗಿದ್ದಾನೆ, ನಿದ್ದೆ ಮಾಡಿಲ್ಲ. ತಿರುವು ಬಂದಾಗ ಹಿಂದಿನಿಂದ ಹಲಗೆ ಕಿರ್ ಎನ್ನುತ್ತದೆ. ಅವನು ಮೊಣಕೈ ಊರಿ ತಲೆ ಎತ್ತಿದ ಎಂದು ಮೇಷ್ಟ್ರಿಗೆ ತಿಳಿಯುತ್ತದೆ.

ಈ ಸಲದ ಪ್ರಯಾಣಕ್ಕೆ ಇನ್ನೊಂದು ತೂಕವಿದೆ. ಯಜಮಾನರ ಎರಡನೆಯ ಲಾರಿ ಚಾಲಕನಿಲ್ಲದೆ ನಿಂತಿದೆ. ಬಾಮೈದ ಸರಿ ಎಂದರೆ ಅದು ಮೇಷ್ಟ್ರಿಗೆ, ಇಲ್ಲವೆಂದರೆ ಬೇರೆಯವರಿಗೆ. ಇನ್ನೂ ಕಲಿಯುವವರನ್ನು ಜೊತೆಗೆ ಕಳಿಸುವುದು ಇದೇ ಕೊನೆ ಎಂದೂ ಯಜಮಾನರು ಹೇಳಿದ್ದಾರೆ. ಲಾರಿ ಸಿಗದಿದ್ದರೆ ಮನೆಗೆ ಹೋಗಿ ಕೂರಬೇಕಾಗುತ್ತದೆ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಹೆಂಡತಿ ಕಿಟಕಿಯ ಬಳಿ ಕೂತು ದಿಂಬಿನ ಚೀಲ, ಕುರ್ಚಿಯ ಹೊದಿಕೆ ಹೊಲಿಯುತ್ತಾಳೆ. ಹೊರಡುವ ಮೊದಲು ಅವಳು ತಮ್ಮನಿಗೆ ಫೋನಿನಲ್ಲಿ ಹೇಳಿದ್ದನ್ನು ಮೇಷ್ಟ್ರು ಬಾಗಿಲ ಆಚೆ ನಿಂತು ಕೇಳಿಸಿಕೊಂಡಿದ್ದಾರೆ. “ನೋಡು, ನನ್ನ ಮುಖ ನೋಡಿ ಹೂಂ ಅನ್ಬೇಡ. ರಸ್ತೆ ನೋಡಿ ಹೂಂ ಅನ್ನು. ನಂಗೆ ಗಂಡ ಮನೇಲಿ ಕೂತ್ರೂ ಪರವಾಗಿಲ್ಲ, ಮನೆಗೆ ಬಂದ್ರೆ ಸಾಕು.”

ಬೆಳಿಗ್ಗೆ ದನದ ಹಿಂಡಿಯ ಕಾರ್ಖಾನೆಯಲ್ಲಿ ಲೋಡ್. ಮೂಟೆಗಳು ಒಂದರ ಮೇಲೊಂದು ಕ್ಯಾಬಿನ್ನಿಗಿಂತ ಎತ್ತರಕ್ಕೆ ಏರುತ್ತವೆ. ಟಾರ್ಪಾಲು ಹೊದಿಸಿ, ಅದರ ಮೇಲಿಂದ ಹಗ್ಗ ಎಸೆದು, ಆಚೆ ಒಬ್ಬ ಈಚೆ ಒಬ್ಬ ನಿಂತು ಎಳೆದು ಕೊಕ್ಕೆಗಳಿಗೆ ಬಿಗಿಯುತ್ತಾರೆ. ಹೊಸದಾಗಿ ತುಂಬಿದ ಲೋಡ್ ಸ್ವಲ್ಪ ದೂರ ಅಲುಗಾಡಿದ ಮೇಲೆ ತಗ್ಗಿ ಕೂರುತ್ತದೆ, ಆಗ ಹಗ್ಗ ಸಡಿಲವಾಗುತ್ತದೆ. ಅದಕ್ಕೇ ಹೊರಟ ಅರ್ಧ ಗಂಟೆಗೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯಬೇಕು. ಇದು ಮೇಷ್ಟ್ರಿಗೆ ಗೊತ್ತು. ಪ್ರತಿ ಸಲವೂ ಮಾಡಿದ್ದಾರೆ.

ಇವತ್ತು ಊರು ದಾಟಿ ನೇರ ರಸ್ತೆಗೆ ಬಿದ್ದಾಗ ಹಿಂದಿನಿಂದ ಒಂದು ಸದ್ದು ಕೇಳಿಸುತ್ತದೆ. ಹಲಗೆಯದ್ದಲ್ಲ. ಗೊರಕೆ.

ಮೇಷ್ಟ್ರು ನಂಬುವುದಿಲ್ಲ. ರೇಡಿಯೋ ಆರಿಸಿ ಕಿವಿಗೊಡುತ್ತಾರೆ. ಗೊರಕೆಯೇ. ಒಂದು ತಿರುವು ಬರುತ್ತದೆ, ಹೋಗುತ್ತದೆ. ಗೊರಕೆ ನಿಲ್ಲುವುದಿಲ್ಲ. ಅವರ ಭುಜ ತಾನಾಗಿ ಇಳಿಯುತ್ತದೆ. ಉಬ್ಬು ಬಂದರೆ ಮೊಟ್ಟೆ ತುಂಬಿದ ಬುಟ್ಟಿಯನ್ನು ದಾಟಿಸಿದಂತೆ ದಾಟಿಸುತ್ತಾರೆ. ಹಗ್ಗ ಬಿಗಿಯಲು ನಿಲ್ಲಿಸುವ ಜಾಗ, ಎಡಕ್ಕೆ ಅಗಲವಾದ ಮಣ್ಣಿನ ಬಯಲು, ಎದುರಾಗುತ್ತದೆ. ಕಾಲು ಬ್ರೇಕಿನ ಮೇಲೆ ಹೋಗುತ್ತದೆ. ನಿಲ್ಲಿಸಿದರೆ ಇವನು ಏಳುತ್ತಾನೆ. ಇನ್ನೊಂದು ಸ್ವಲ್ಪ ಮಲಗಲಿ, ಪಾಪ. ಕಾಲು ಹಿಂದೆ ಸರಿಯುತ್ತದೆ.

ಆಮೇಲೆ ಎದುರಿನಿಂದ ಬಂದ ಲಾರಿಯ ಚಾಲಕ ದೀಪ ಮಿನುಗಿಸಿ ಕೈ ಹೊರಗೆ ಚಾಚುತ್ತಾನೆ. ಶಾಲೆಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ತಾಯಂದಿರು ಕೈ ಬೀಸುತ್ತಿದ್ದರು. ಮೇಷ್ಟ್ರೂ ಕೈ ಬೀಸುತ್ತಾರೆ. ಎರಡನೆಯವನೂ ಕೈ ಚಾಚುತ್ತಾನೆ, ಮೇಷ್ಟ್ರು ಮತ್ತೆ ಬೀಸುತ್ತಾರೆ. ಮೂರನೆಯವನು ಅಂಗೈಯನ್ನು ಒಂದು ಕಡೆಗೆ ವಾಲಿಸಿ ತೋರಿಸುತ್ತಾ, ಬಾಯಿ ತೆರೆದು ಏನೋ ಕೂಗುತ್ತಾ ಹೋಗುತ್ತಾನೆ. ಆಗ ಎಡಗನ್ನಡಿ ನೋಡುತ್ತಾರೆ. ಕನ್ನಡಿಯಲ್ಲಿ ರಸ್ತೆಯೇ ಇಲ್ಲ. ಬರೀ ಟಾರ್ಪಾಲಿನ ಹೊಟ್ಟೆ.

ಗಾಬರಿಯಲ್ಲಿ ಬ್ರೇಕ್ ಒತ್ತಿಬಿಡುವುದಿಲ್ಲ, ಅಷ್ಟು ಕಲಿತಿದ್ದಾರೆ. ಗೇರು ಇಳಿಸುತ್ತಾ, ಎಳೆಯ ಮಗುವನ್ನು ಹಾಸಿಗೆಗೆ ಇಳಿಸುವ ಹಾಗೆ ಲಾರಿಯನ್ನು ಬದಿಗೆ ತಂದು ನಿಲ್ಲಿಸುತ್ತಾರೆ. ಬಾಮೈದ ಎದ್ದು, ಇಳಿದು, ಒಂದು ಸುತ್ತು ಬರುತ್ತಾನೆ. ಮೇಲಿನ ಸಾಲುಗಳು ಎಡಕ್ಕೆ ವಾಲಿ, ಸಡಿಲ ಹಗ್ಗದ ಮೇಲೆ ತೂಗುತ್ತಿವೆ. ಕೆಳಗೆ ಒಂದು ಬೈಕು ಬಂದಿದ್ದರೆ ಏನಾಗುತ್ತಿತ್ತು ಎಂದು ಇಬ್ಬರೂ ಬಾಯಿ ಬಿಟ್ಟು ಹೇಳುವುದಿಲ್ಲ. ಅವನು ಲಾರಿಗೆ ಏಟು ಕೊಡುತ್ತಾನೇನೋ ಎಂದು ಮೇಷ್ಟ್ರು ಕಾಯುತ್ತಾರೆ. ಕೊಡುವುದಿಲ್ಲ.

“ಲಾರೀದೇನೂ ತಪ್ಪಿಲ್ಲ ಭಾವ. ನಿಮ್ದೇ.”

“ನಂದೇ.”

“ಯಾಕೆ ನಿಲ್ಲಿಸ್ಲಿಲ್ಲ?”

“ನಿಂಗೆ ನಿದ್ದೆ ಬಂದಿತ್ತು.”

ಬಾಮೈದ ಅಂಗಿ ಕಳಚಿ ಕ್ಯಾಬಿನ್ನಿನ ಬಾಗಿಲಿಗೆ ಹಾಕುತ್ತಾನೆ. ಮೇಲಿನ ಮೂರು ಸಾಲುಗಳನ್ನು ಇಳಿಸಿ ಮತ್ತೆ ಜೋಡಿಸಬೇಕು, ಕೂಲಿಯವರು ಹತ್ತಿರದಲ್ಲೆಲ್ಲೂ ಇಲ್ಲ. ಇಬ್ಬರೇ ಹೊರುತ್ತಾರೆ. ಹಿಂಡಿಯ ಪುಡಿ ಬೆವರಿಗೆ ಅಂಟಿ ಕುತ್ತಿಗೆಯಲ್ಲಿ ಹಿಟ್ಟಾಗುತ್ತದೆ. ಮೂಟೆ ಕೊಡುವವನೊಬ್ಬ, ತೆಗೆದುಕೊಳ್ಳುವವರೊಬ್ಬರು.

“ಬಸ್ಸಲ್ಲಿ ಏನಾದ್ರೂ ಆದ್ರೆ ಮಕ್ಳು ಕಿರುಚ್ತಿದ್ವು,” ಒಮ್ಮೆ ಮೇಷ್ಟ್ರು ಹೇಳುತ್ತಾರೆ. ಸಮರ್ಥನೆಯ ದನಿಯಲ್ಲಲ್ಲ. “ತಕ್ಷಣ ಗೊತ್ತಾಗ್ತಿತ್ತು. ಈ ಮೂಟೆಗಳು ಬಾಯೇ ಬಿಡಲ್ಲ.”

ಕೊನೆಯ ಸಾಲು ಮುಗಿಯುವಾಗ ಬಾಮೈದ ಕೆಳಗೆ ನಿಂತು ಯಜಮಾನರಿಗೆ ಫೋನ್ ಮಾಡುತ್ತಾನೆ. ಮೇಷ್ಟ್ರು ಮೂಟೆಗಳ ಮೇಲೆ ಮಂಡಿಯೂರಿದ್ದಾರೆ. ಇಳಿಯುವುದೂ ಇಲ್ಲ, ಅಲುಗಾಡುವುದೂ ಇಲ್ಲ.

“ಹೌದು, ಲೋಡ್ ವಾಲ್ತು. ಇಲ್ಲ, ನಾನಲ್ಲ, ಭಾವಾನೇ ಓಡಿಸ್ತಿದ್ದಿದ್ದು. ಹೂಂ, ಅವರದ್ದೇ ತಪ್ಪು. ಆ ಲಾರಿ ವಿಷ್ಯ… ಅವರಿಗೇ ಕೊಡಿ. ತಲೆ ಸರಿ ಇದ್ಕೊಂಡೇ ಹೇಳ್ತಿದೀನಿ ಯಜಮಾನ್ರೇ. ಒಬ್ರನ್ನೇ ಕಳ್ಸಿ. ಜೊತೆಗೆ ಯಾರನ್ನೂ ಹಾಕ್ಬೇಡಿ.”

ಕಾರಣವನ್ನು ಅವನು ಹಗ್ಗ ಎಳೆಯುವಾಗ ಹೇಳುತ್ತಾನೆ. “ನಿಮ್ಮ ಕೈ ಚೆನ್ನಾಗಿದೆ, ಇಲ್ಲದಿದ್ರೆ ನಂಗೆ ನಿದ್ದೆ ಎಲ್ಲಿಂದ ಬರ್ತಿತ್ತು? ಆದ್ರೆ ಗಾಡೀಲಿ ಒಬ್ಬ ಮನುಷ್ಯ ಇದ್ರೆ ನೀವು ಅವನನ್ನೇ ನೋಡ್ಕೊಳ್ತೀರಿ, ಲೋಡ್ ಮರೀತೀರಿ. ಹದಿನೇಳು ವರ್ಷದ ಚಾಳಿ. ಮನುಷ್ಯರೇ ಇಲ್ಲ ಅಂದ್ರೆ ಮೂಟೆನಾದ್ರೂ ನೋಡ್ಕೊಳ್ತೀರಿ.”

ಹೊಗಳಿದನೋ ಬೈದನೋ ಮೇಷ್ಟ್ರಿಗೆ ಇವತ್ತಿಗೂ ಖಚಿತವಿಲ್ಲ. ಆ ಪ್ರಯಾಣ ಮುಗಿಸಿ ಮನೆಗೆ ಬಂದಾಗ ಹೆಂಡತಿ ಸೂಜಿಗೆ ದಾರ ಪೋಣಿಸುತ್ತಾ ಕೇಳಿದಳು. “ನಿಜವಾಗ್ಲೂ ಕೊಡ್ಸಿದ್ನಾ, ನನ್ನ ಮುಖ ನೋಡಿ ಕೊಡ್ಸಿದ್ನಾ?”

“ನಿನ್ನ ಮುಖ ನೋಡಿದ್ರೆ ವಿಮಾನಾನೇ ಕೊಡಿಸ್ತಿದ್ದ,” ಎಂದು ಇವರು ಹಾರಿಸಿದರು. ಅವಳು ನಗಲಿಲ್ಲ. ಹೊರಡುವ ದಿನ ಮೆಟ್ಟಿಲವರೆಗೆ ಮಾತ್ರ ಬರುತ್ತಿದ್ದವಳು ಈ ಸಲ ರಸ್ತೆಯವರೆಗೆ ಇಳಿದು ಬಂದಳು. ಮಗಳು ಮಾತ್ರ ಕಿಟಕಿಯಿಂದ ಕೂಗಿದಳು, “ಅಪ್ಪಾ, ಎದುರಿಗೆ ಬಂದೋರಿಗೆಲ್ಲ ಟಾಟಾ ಮಾಡ್ಬೇಡಿ!” ಸುದ್ದಿ ಮನೆವರೆಗೂ ಮುಟ್ಟಿತ್ತು.

ಎರಡನೆಯ ಲಾರಿ ಮೊದಲನೆಯದಕ್ಕಿಂತ ಹಳೆಯದು. ಕ್ಲಚ್ ಬಿಗಿ, ಎಡಬಾಗಿಲಿನ ಗಾಜು ಅರ್ಧಕ್ಕೆ ನಿಲ್ಲುತ್ತದೆ. ಇದೇ ಮೊದಲ ಸಲ ಒಬ್ಬರೇ. ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ “ಇನ್ನೊಬ್ರು ಎಲ್ಲಿ?” ಎಂದಾಗ ಮೇಷ್ಟ್ರು ಒಂದು ಕ್ಷಣ ಪಕ್ಕದ ಸೀಟು ನೋಡಿ, “ಇಲ್ಲ, ನಾನೇ” ಎನ್ನುತ್ತಾರೆ. ಈ ಪ್ರಯಾಣದಿಂದ ಏನು ಆಸೆ ಎಂದು ಯಾರಾದರೂ ಕೇಳಿದರೆ ಹೇಳುವುದು ಒಂದೇ. “ಇಳಿಸೋ ಜಾಗದಲ್ಲಿ ಟಾರ್ಪಾಲ್ ಬಿಚ್ಚಿದಾಗ ತುಂಬಿದ ಹಾಗೇ ಇರ್ಬೇಕು. ಅಷ್ಟೇ.”

ಹೊರಟು ಅರ್ಧ ಗಂಟೆಯಾಗುವ ಮೊದಲೇ ಎಡಕ್ಕೆ ಸಿಗ್ನಲ್ ಹಾಕುತ್ತಾರೆ. ಅಗಲವಾದ ಮಣ್ಣಿನ ಬಯಲು, ಬೇರೆ ಗಾಡಿಯಿಲ್ಲ. ಇಂಜಿನ್ ಆರಿಸಿದಾಗ ಎಲ್ಲವೂ ಒಮ್ಮೆಗೇ ಸುಮ್ಮನಾಗುತ್ತದೆ. ಇಳಿದು, ಹಗ್ಗವನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಸಡಿಲವಾಗಿದೆ. ಗಂಟು ಬಿಚ್ಚಿ, ಕಾಲನ್ನು ಚಕ್ರಕ್ಕೆ ಒತ್ತಿಟ್ಟು, ಮುಂಗೈಗೆ ಒಂದು ಸುತ್ತು ಹಾಕಿಕೊಂಡು, ಮೂಟೆಗಳ ಆಚೆಗೆ ಕೇಳುವಂತೆ ದನಿ ಎತ್ತುತ್ತಾರೆ.

“ಆ ಕಡೆ ಸ್ವಲ್ಪ ಎಳಿಯಪ್ಪಾ.”